608 ತುಂಡು ಹೋಗಿದೆ, ಫೈಲ್ ಎಲ್ಲಿ?

(1/4)

ಕಾಲೇಜ್ ಫೆಸ್ಟ್ ವಿಡಿಯೋಗಳನ್ನೆಲ್ಲ ಸೇರಿಸಿ 38 ಜಿಬಿಯ ಒಂದೇ ಜಿಪ್ ಫೈಲ್ ಮಾಡಿದ್ವಿ. ಬಾಡಿಗೆಗೆ ತಗೊಂಡ ಕ್ಲೌಡ್ ಸ್ಟೋರೇಜಿಗೆ ಅದನ್ನ ಅಪ್‌ಲೋಡ್ ಮಾಡೋಕೆ ಎರಡು ರಾತ್ರಿ ಹಿಡೀತು. ಸ್ಕ್ರಿಪ್ಟ್ ಬರೆದಿದ್ದು ನಾನೇ, ವಿಡಿಯೋ ನೋಡ್ಕೊಂಡು. 64 ಎಂಬಿಯ 608 ತುಂಡು, 608ಕ್ಕೂ ಓಕೆ ಬಂತು. ಮೆಮೊರಿ ಕಾರ್ಡ್ ಬೇರೆಯವರದ್ದು, ಫಾರ್ಮ್ಯಾಟ್ ಮಾಡಿ ವಾಪಸ್ ಕೊಟ್ವಿ. ಲ್ಯಾಪ್‌ಟಾಪಲ್ಲಿ ಜಾಗ ಇಲ್ಲ ಅಂತ ಜಿಪ್ಪನ್ನೂ ಅಳಿಸಿದೆ.

ಮೂರು ದಿನ ಬಿಟ್ಟು ನೋಡಿದ್ರೆ ಬಕೆಟ್ ಖಾಲಿ! (ಬಕೆಟ್ ಅಂದ್ರೆ ಅಲ್ಲಿ ನಮ್ಮ ಹೆಸರಿಗಿರೋ ಜಾಗ.) ಒಂದು ಫೈಲೂ ಇಲ್ಲ. ಆದ್ರೆ ಬಿಲ್ಲಿನ ಪುಟದಲ್ಲಿ ಮಾತ್ರ 38 ಜಿಬಿಗೆ ಲೆಕ್ಕ ಓಡ್ತಾ ಇದೆ.

ತಪ್ಪು ನಂದೇ. ಸ್ಕ್ರಿಪ್ಟಿನಲ್ಲಿ ಕೊನೆಯ ಒಂದು ಸಾಲು ಬಿಟ್ಟುಹೋಗಿತ್ತು. ಆ ಸಾಲು ಯಾಕೆ ಬೇಕು, ಎಲ್ಲ ತುಂಡು ಬಂದ ಮೇಲೆ ಅದೇ ತಾನಾಗಿ ಸೇರ್ಕೊಳ್ಳೋಕಾಗಲ್ವಾ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಈ ಸಲದ ಹಿಸ್ಟರಿ. ಒಂದು ಕ್ಯಾಪ್ಷನ್ನಿಗೆ 2,200 ಅಕ್ಷರ ಮಿತಿ, ಹಾಗಾಗಿ ಇದೂ ತುಂಡು ತುಂಡಾಗೇ ಬರುತ್ತೆ, ಬೈಕೋಬೇಡಿ.

(2/4)

ತುಂಡು ಮಾಡಿ ಕಳಿಸೋದು ಕ್ಲೌಡಿಗಿಂತ ಹಳೇ ಬುದ್ಧಿ. 1977ರಲ್ಲಿ ಷಿಕಾಗೋದ ವಾರ್ಡ್ ಕ್ರಿಸ್ಟೆನ್ಸೆನ್ ಎಕ್ಸ್‌ಮೋಡೆಮ್ ಅನ್ನೋ ಪ್ರೊಟೋಕಾಲ್ ಬರೆದರು. ಟೆಲಿಫೋನ್ ಲೈನಿನ ಮೇಲೆ ಫೈಲನ್ನ 128 ಬೈಟಿನ ತುಂಡಾಗಿ ಕಳಿಸೋದು, ಪ್ರತಿ ತುಂಡಿಗೂ ನಂಬರು, ಜೊತೆಗೆ ತಾಳೆ ನೋಡೋಕೆ ಒಂದು ಮೊತ್ತ. ಆ ಕಡೆಯವನು 'ಸರಿ' ಅಂದ್ರೆ ಮುಂದಿನದ್ದು, 'ಇಲ್ಲ' ಅಂದ್ರೆ ಅದೇ ತುಂಡು ಮತ್ತೆ. ಎಲ್ಲಾ ಮುಗಿದ ಮೇಲೆ ಕಳಿಸೋನೇ 'ಇಷ್ಟೇ' ಅಂತ ಒಂದು ಸಂಕೇತ ಕೊಡಬೇಕಿತ್ತು. ಆದ್ರೆ ಮಧ್ಯದಲ್ಲಿ ಲೈನ್ ಕಟ್ಟಾದ್ರೆ ಮೊದಲಿಂದ ಶುರು. ಬಿಟ್ಟಲ್ಲಿಂದ ಮುಂದುವರಿಸೋ ಸೌಲಭ್ಯ ಇದ್ದ ಝಡ್‌ಮೋಡೆಮ್ ಬಂದಿದ್ದು 1986ರಲ್ಲಿ.

ಈಗ 2006ಕ್ಕೆ ಬನ್ನಿ. ಮಾರ್ಚ್ 14ರಂದು ಅಮೆಜಾನ್ ತನ್ನ ಎಸ್3 ಶುರು ಮಾಡ್ತು. ಒಂದು ಜಿಬಿ ಇಡೋಕೆ ತಿಂಗಳಿಗೆ 15 ಸೆಂಟ್. ಇದನ್ನ ಆಬ್ಜೆಕ್ಟ್ ಸ್ಟೋರೇಜ್ ಅಂತಾರೆ: ಫೈಲನ್ನ ಒಂದು ಹೆಸರಿನಡಿ ಇಡೀದಾಗಿ ಇಡ್ತೀರಿ, ಇಡೀದಾಗಿ ಬದಲಾಯಿಸ್ತೀರಿ. ಮಧ್ಯದ ಒಂದು ಸಾಲು ತಿದ್ದೋ ಹಾಗಿಲ್ಲ. ಮಿತಿ 5 ಜಿಬಿ, ಅದೂ ಒಂದೇ ರಿಕ್ವೆಸ್ಟಿನಲ್ಲಿ. 4.9 ಜಿಬಿ ಹೋದ ಮೇಲೆ ನೆಟ್ ಕೈಕೊಟ್ರೆ ಆ 4.9 ಜಿಬಿಯೂ ನೀರಿನಲ್ಲಿ ಹೋಮ. ಮೋಡೆಮ್ ಕಾಲದವರು 20 ವರ್ಷದ ಹಿಂದೆ ಬಿಡಿಸಿದ್ದ ಲೆಕ್ಕ ಇಲ್ಲಿ ಮತ್ತೆ ಮೊದಲಿಂದ! ನಂಗಂತೂ ಇದು ಆಶ್ಚರ್ಯ ಆಯ್ತು.

2010ರ ನವೆಂಬರಿನಲ್ಲಿ ಅಮೆಜಾನ್ ಮಲ್ಟಿಪಾರ್ಟ್ ಅಪ್‌ಲೋಡ್ ತಂತು. ಮುಂದಿನ ತಿಂಗಳೇ ಒಂದು ಆಬ್ಜೆಕ್ಟಿನ ಮಿತಿ 5 ಜಿಬಿಯಿಂದ 5 ಟಿಬಿಗೆ ಹಾರ್ತು, ಅಂದ್ರೆ ಸಾವಿರ ಪಟ್ಟು. ಮೊದಲನೇದು ಇಲ್ದೇ ಎರಡನೇದು ಬಂದಿದ್ರೂ ಯಾರ ಉಪಯೋಗಕ್ಕೂ ಬರ್ತಿರ್ಲಿಲ್ಲ.

(3/4)

ಕೆಲಸ ನಡೆಯೋದು ಹೀಗೆ. ಮೊದಲು 'ದೊಡ್ಡ ಫೈಲ್ ಬರ್ತಿದೆ' ಅಂತ ಹೇಳ್ತೀರಿ, ಒಂದು ಅಪ್‌ಲೋಡ್ ಐಡಿ ಸಿಗುತ್ತೆ. ಆಮೇಲೆ 1ರಿಂದ 10,000ದ ಒಳಗಿನ ನಂಬರು ಹಾಕಿ ತುಂಡುಗಳನ್ನ ಕಳಿಸ್ತೀರಿ. ಪ್ರತಿಯೊಂದಕ್ಕೂ ಇ-ಟ್ಯಾಗ್ ಅಂತ ರಸೀತಿ ಬರುತ್ತೆ. 40ನೇದು ಮೊದಲು, 3ನೇದು ಆಮೇಲೆ ಹೋದರೂ ನಡೆಯುತ್ತೆ, ಹತ್ತು ಒಟ್ಟಿಗೇ ಹೋದರೂ ನಡೆಯುತ್ತೆ. ಒಂದು ಹಾಳಾದ್ರೆ ಅದೊಂದನ್ನೇ ಮತ್ತೆ ಕಳಿಸಿದ್ರಾಯ್ತು. ಕೊನೆಗೆ ನಂಬರು ಮತ್ತು ರಸೀತಿಗಳ ಪಟ್ಟಿ ಮಾಡಿ 'ಕಂಪ್ಲೀಟ್' ಅಂತ ಕಳಿಸಬೇಕು. ಆವಾಗ್ಲೇ ಅದು ಫೈಲ್. ನಾನು ಬಿಟ್ಟಿದ್ದು ಇದನ್ನೇ.

ತಾನಾಗಿ ಯಾಕೆ ಸೇರ್ಕೊಳ್ಳಲ್ಲ? ಯಾಕಂದ್ರೆ ಒಟ್ಟು ಎಷ್ಟು ತುಂಡು ಅಂತ ನೀವು ಅದಕ್ಕೆ ಹೇಳೇ ಇಲ್ಲ. ಕೊನೇ ತುಂಡು ಮೊದಲೇ ಬಂದಿರಬಹುದು. 608 ಆದ ಮೇಲೆ 609 ಬರುತ್ತೋ ಇಲ್ವೋ ಅದಕ್ಕೇನು ಗೊತ್ತು? ಪ್ರತಿ ತುಂಡೂ ಕನಿಷ್ಠ 5 ಎಂಬಿ ಇರಬೇಕು, ಕೊನೇದೊಂದಕ್ಕೆ ಮಾತ್ರ ವಿನಾಯಿತಿ ಅನ್ನೋ ರೂಲ್ ಇದೆ. ತಮಾಷೆ ಏನಂದ್ರೆ, ನೀವು 2 ಎಂಬಿ ತುಂಡು ಕಳಿಸಿದ್ರೂ ಆಗ ಸುಮ್ನೆ ತಗೊಳ್ಳುತ್ತೆ. ತಕರಾರು ಬರೋದು ಕಂಪ್ಲೀಟ್ ಅಂದಾಗ, ಕೊನೇದು ಯಾವುದು ಅಂತ ಗೊತ್ತಾಗೋದೇ ಆವಾಗ.

ಇನ್ನೂ ಭಯ ಆಗೋ ವಿಷಯ ಇದೆ. ನಂಬರುಗಳು ಸಾಲಾಗಿ ಇರಲೇಬೇಕು ಅಂತಿಲ್ಲ, ಏರಿಕೆ ಕ್ರಮದಲ್ಲಿದ್ರೆ ಸಾಕು. ಪಟ್ಟಿಯಲ್ಲಿ 7ನ್ನ ಮರೆತು 6 ಆದ ಮೇಲೆ 8 ಬರೆದ್ರೆ ಅದು ಮರುಮಾತಿಲ್ದೆ ಅಷ್ಟನ್ನೇ ಜೋಡಿಸಿ ಕೊಡುತ್ತೆ. ಬಿಟ್ಟುಹೋದ 7ನೇ ತುಂಡನ್ನ ಎಸೆದುಬಿಡುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆದ್ರೂ ಎಂಟ್ರಿ ಪೂರ್ತಿ ಬಿಟ್ಟುಹೋಗಿರಬಹುದು ಅಂತ ಅಕೌಂಟೆನ್ಸಿ ಕ್ಲಾಸಲ್ಲಿ ಹೇಳಿಕೊಟ್ರಲ್ಲ, ಥೇಟ್ ಅದೇ.

ಮತ್ತೆ 'ಓಕೆ' ಅಂದಿದ್ದನ್ನ ನಂಬಬೇಡಿ. ದೊಡ್ಡ ಫೈಲ್ ಆದ್ರೆ ಜೋಡಿಸೋಕೆ ನಿಮಿಷಗಟ್ಲೆ ಆಗಬಹುದು. ಅಷ್ಟರಲ್ಲಿ ಕನೆಕ್ಷನ್ ಕಟ್ ಆಗಬಾರದು ಅಂತ ಎಸ್3 ಮೊದಲೇ '200 ಓಕೆ' ಅಂತ ಕಳಿಸಿ, ಆಮೇಲೆ ಬರೀ ಖಾಲಿ ಅಕ್ಷರಗಳನ್ನ ಕಳಿಸ್ತಾ ಕೂರುತ್ತೆ. ನಡುವೆ ಕೆಟ್ಟರೆ ಎರರ್ ಬರೋದು ಆ ಓಕೆಯ ಹೊಟ್ಟೆಯೊಳಗೆ. ಉತ್ತರವನ್ನ ಕೊನೇತನಕ ಓದದವರಿಗೆ ಫೈಲ್ ಆಗಿಲ್ಲ ಅನ್ನೋದೇ ತಿಳಿಯಲ್ಲ.

(4/4)

ಸರಿ, ಕಂಪ್ಲೀಟ್ ಅನ್ನದೇ ಬಿಟ್ಟ ತುಂಡುಗಳ ಕಥೆ? ಎಸ್3 ಅವನ್ನ ಹಾಗೇ ಇಟ್ಕೊಳ್ಳುತ್ತೆ. ಮಾಮೂಲಿ ಪಟ್ಟಿಯಲ್ಲಿ ತೋರಿಸಲ್ಲ, ಬಾಡಿಗೆ ಮಾತ್ರ ಹಾಕ್ತಾ ಇರುತ್ತೆ. ನೀವಾಗೇ 'ಅಬಾರ್ಟ್' ಅನ್ನಬೇಕು. ಇಂತಿಷ್ಟು ದಿನ ಆದ ಮೇಲೆ ಅರ್ಧಂಬರ್ಧ ಅಪ್‌ಲೋಡನ್ನ ತೆಗೆದುಹಾಕು ಅಂತ ಬಕೆಟ್ಟಿಗೇ ರೂಲ್ ಹಾಕೋ ಸೌಲಭ್ಯ ಬಂದಿದ್ದು 2016ರ ಮಾರ್ಚಿನಲ್ಲಿ. ಅಂದ್ರೆ ಐದು ವರ್ಷಕ್ಕೂ ಹೆಚ್ಚು ಕಾಲ ಎಷ್ಟು ಜನ ಕಣ್ಣಿಗೆ ಕಾಣದ ತುಂಡುಗಳಿಗೆ ದುಡ್ಡು ಕಟ್ಟಿದ್ರೋ! ರೂಲ್ ಇದ್ರೂ ಅದನ್ನ ನಾವೇ ಹಾಕ್ಕೋಬೇಕು.

ಮೈಕ್ರೋಸಾಫ್ಟಿನ ಅಜೂರ್ 2010ರ ಫೆಬ್ರವರಿಯಲ್ಲಿ ವ್ಯಾಪಾರಕ್ಕೆ ಇಳಿಯುವಾಗಲೇ ಬ್ಲಾಕ್‌ಗಳನ್ನ ಬೇರೆ ಬೇರೆ ಕಳಿಸಿ ಕೊನೆಗೆ ಪಟ್ಟಿ ಒಪ್ಪಿಸೋ ಪದ್ಧತಿ ಇತ್ತು. ಅಲ್ಲಿ ಒಂದು ವಾರದೊಳಗೆ ಒಪ್ಪಿಸದ ಬ್ಲಾಕ್‌ಗಳನ್ನ ಅದೇ ಎಸೆಯುತ್ತೆ. ಆಮೇಲೆ ಬಂದ ಕ್ಲೌಡ್‌ಫ್ಲೇರ್‌ನ ಆರ್2 ಕೂಡ, ನಾವು ಬದಲಾಯಿಸದಿದ್ರೆ, ಏಳು ದಿನಕ್ಕೆ ತೆಗೆಯುತ್ತೆ.

ಮೊದಲು ಓದಿದಾಗ ಅಜೂರ್‌ದೇ ನ್ಯಾಯ ಅನ್ಸಿತ್ತು. ಆದ್ರೆ ನಾನು ಹುಡುಕಾಟ ಎಲ್ಲಾ ಮುಗಿಸಿ ಮತ್ತೆ ಕೂತಿದ್ದು ಒಂಬತ್ತನೇ ದಿನ. ವಾರದ ರೂಲ್ ಇದ್ದಿದ್ರೆ ಅಷ್ಟೊತ್ತಿಗೆ ಡ್ಯಾನ್ಸ್, ಸ್ಕಿಟ್, ಸೀನಿಯರ್ಸ್ ಬೀಳ್ಕೊಡುಗೆ, ಎಲ್ಲಾ ಸ್ವಾಹಾ. ನಾನು ಬೈತಿದ್ದ ಬಿಲ್ಲೇ ತುಂಡುಗಳು ಇನ್ನೂ ಇವೆ ಅನ್ನೋಕೆ ಸಾಕ್ಷಿ ಆಗಿತ್ತು.

ಅಪ್‌ಲೋಡ್ ಐಡಿ ಹುಡುಕಿ, ತುಂಡುಗಳ ಪಟ್ಟಿ ತೆಗೆಸಿದೆ. ಆ ಪಟ್ಟಿ ಬರೀ ತಾಳೆ ನೋಡೋಕೆ, ಕಂಪ್ಲೀಟ್ ಅನ್ನೋಕೆ ನಿಮ್ಮದೇ ಪಟ್ಟಿ ಇಟ್ಕೊಳ್ಳಿ ಅಂತ ಎಸ್3 ಕೈಪಿಡಿಯಲ್ಲೇ ಇದೆ. ನನ್ನತ್ರ ಎಲ್ಲಿತ್ತು? 38 ಜಿಬಿಯನ್ನ 64 ಎಂಬಿಯಿಂದ ಭಾಗಿಸಿದೆ: 608. ಅಲ್ಲಿದ್ದ ನಂಬರುಗಳೂ 1ರಿಂದ 608, ಒಂದೂ ತಪ್ಪಿಲ್ಲ. ಕಂಪ್ಲೀಟ್ ಕಳಿಸಿ ಉತ್ತರದ ಕೊನೇ ಸಾಲು ಬರೋತನಕ ಕಾಯ್ತಾ ಕೂತೆ.

ಈಗ ಬಕೆಟ್ಟಿಗೆ 15 ದಿನದ ರೂಲ್ ಹಾಕಿದೀನಿ. ಏಳು ಸಾಕು ಅಂತ ರೂಮ್‌ಮೇಟ್ ಹೇಳ್ದ, ಆದ್ರೆ ಇಂಟರ್ನಲ್ಸ್ ಟೈಮಲ್ಲಿ ನಾನು ಎಷ್ಟು ದಿನಕ್ಕೆ ಲ್ಯಾಪ್‌ಟಾಪ್ ತೆಗೀತೀನಿ ಅಂತ ನಂಗೇ ಗೊತ್ತಿಲ್ಲ. ಫೆಸ್ಟ್ ವಿಡಿಯೋ ಬೇಕಾದವ್ರು ಡಿಎಂ ಮಾಡಿ, ಲಿಂಕ್ ಕಳಿಸ್ತೀನಿ.