ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಶಿಫಾರಸುಗಳು

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಶಿಫಾರಸುಗಳು ಎಂದರೆ ದೂರವಾಣಿ, ಅಂತರಜಾಲ, ಬಾನುಲಿ ಹಾಗೂ ದೂರದರ್ಶನ ಪ್ರಸಾರದ ವಿಷಯಗಳಲ್ಲಿ ಈ ಪ್ರಾಧಿಕಾರವು ಕೇಂದ್ರ ಸರ್ಕಾರಕ್ಕೆ ಸಲ್ಲಿಸುವ ನೀತಿ ಸಲಹೆಗಳು. ಪ್ರಾಧಿಕಾರವು 'ಟ್ರಾಯ್' ಎಂಬ ಹ್ರಸ್ವ ಹೆಸರಿನಿಂದ ಪರಿಚಿತವಾಗಿದೆ. ಶಿಫಾರಸುಗಳಿಗೆ 1997ರ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಕಾಯ್ದೆಯ 11ನೇ ವಿಧಿಯು ಆಧಾರವಾಗಿದೆ. ಇವು ಸರ್ಕಾರವನ್ನು ಕಟ್ಟಿಹಾಕುವುದಿಲ್ಲವಾದರೂ, ಪರವಾನಗಿ, ತರಂಗಾಂತರ ಹರಾಜು ಮತ್ತು ಗ್ರಾಮೀಣ ಸಂಪರ್ಕಕ್ಕೆ ಸಂಬಂಧಿಸಿದ ಬಹುತೇಕ ನಿರ್ಧಾರಗಳ ಮೊದಲ ರೂಪ ಇವುಗಳಲ್ಲೇ ಕಾಣಸಿಗುತ್ತದೆ.

ಒಂದು ಶಿಫಾರಸು ಯಾರಿಗೆ ತಲುಪುತ್ತದೆ ಎಂಬುದು ಅದು ಆರಿಸಿಕೊಳ್ಳುವ ಅಳತೆಯ ಘಟಕವನ್ನು ಅವಲಂಬಿಸಿದೆ. ಆ ಘಟಕವು ದೂರಸಂಪರ್ಕ ವೃತ್ತವಾಗಿರಬಹುದು, ನಗರ, ಗ್ರಾಮ ಪಂಚಾಯಿತಿ ಅಥವಾ ಜನವಸತಿಯೂ ಆಗಿರಬಹುದು. ಈ ಲೇಖನದಲ್ಲಿ ಇದನ್ನು ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಉದಾಹರಣೆಗಳೊಂದಿಗೆ ವಿವರಿಸಲಾಗಿದೆ.

ಹಿನ್ನೆಲೆ

1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ದೂರಸಂಪರ್ಕ ಸೇವೆಯನ್ನು ನಡೆಸುವ ವಿಶೇಷ ಹಕ್ಕು ಕೇಂದ್ರ ಸರ್ಕಾರದ್ದಾಗಿತ್ತು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಆಗ ಸರ್ಕಾರವೇ ಸೇವೆ ನೀಡುವ ಸಂಸ್ಥೆಯೂ ಪರವಾನಗಿ ಕೊಡುವ ಅಧಿಕಾರಿಯೂ ಆಗಿದ್ದುದರಿಂದ, ಎರಡರಿಂದಲೂ ಬೇರೆಯಾದ ನಿಯಂತ್ರಕನ ಅಗತ್ಯ ಉಂಟಾಯಿತು. ಅದಕ್ಕಾಗಿ 1997ರ ಫೆಬ್ರುವರಿ 20ರಂದು ಟ್ರಾಯ್ ಸ್ಥಾಪನೆಯಾಯಿತು.

ಪ್ರಸಾರ ಕ್ಷೇತ್ರದ ತಿರುವು ನ್ಯಾಯಾಲಯದಿಂದ ಬಂದಿತು. ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ವಾಯುತರಂಗಗಳು ಸಾರ್ವಜನಿಕ ಸ್ವತ್ತು; ಅವುಗಳ ಬಳಕೆಯನ್ನು ಸಾರ್ವಜನಿಕ ಹಿತಕ್ಕಾಗಿ ಒಂದು ಪ್ರಾಧಿಕಾರವು ನಿಯಂತ್ರಿಸಬೇಕು ಎಂದು ತೀರ್ಪು ನೀಡಿತು. 2004ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯ ಮೂಲಕ ಪ್ರಸಾರ ಮತ್ತು ಕೇಬಲ್ ಸೇವೆಗಳು ಟ್ರಾಯ್ ವ್ಯಾಪ್ತಿಗೆ ಬಂದವು. ಅಂದಿನಿಂದ ದೂರಸಂಪರ್ಕ ಇಲಾಖೆ ಮತ್ತು ಮಾಹಿತಿ ಹಾಗೂ ಪ್ರಸಾರ ಸಚಿವಾಲಯ ಎರಡೂ ಟ್ರಾಯ್ ಸಲಹೆಯನ್ನು ಕೇಳುತ್ತವೆ.

ಶಿಫಾರಸಿನ ಕಾನೂನು ಸ್ವರೂಪ

ಆರಂಭದ ಕಾಯ್ದೆಯಲ್ಲಿ ಸಲಹೆ ಕೇಳುವುದು ಕಡ್ಡಾಯವೇ ಎಂಬುದು ಸ್ಪಷ್ಟವಿರಲಿಲ್ಲ. 2000ನೇ ಇಸವಿಯ ತಿದ್ದುಪಡಿಯು ಈ ಗೊಂದಲವನ್ನು ನಿವಾರಿಸಿತು. ವಿವಾದಗಳ ತೀರ್ಮಾನವನ್ನು ಪ್ರತ್ಯೇಕ ನ್ಯಾಯಾಧಿಕರಣಕ್ಕೆ ವಹಿಸಿತು. ತಿದ್ದುಪಡಿಯಾದ 11ನೇ ವಿಧಿಯ ಮುಖ್ಯಾಂಶಗಳು ಹೀಗಿವೆ:

- ಹೊಸ ಸೇವಾದಾರರ ಅಗತ್ಯ ಮತ್ತು ಅವರ ಪ್ರವೇಶದ ಕಾಲ, ಹಾಗೂ ಪರವಾನಗಿಯ ಷರತ್ತುಗಳು – ಈ ಎರಡು ವಿಷಯಗಳಲ್ಲಿ ಸರ್ಕಾರವು ಟ್ರಾಯ್ ಶಿಫಾರಸನ್ನು ಕೇಳಲೇಬೇಕು.
- ಟ್ರಾಯ್ 60 ದಿನಗಳೊಳಗೆ ಶಿಫಾರಸು ಸಲ್ಲಿಸಬೇಕು.
- ಶಿಫಾರಸು ಒಪ್ಪತಕ್ಕದ್ದಲ್ಲ ಅಥವಾ ಬದಲಾವಣೆ ಬೇಕು ಎಂದು ಸರ್ಕಾರಕ್ಕೆ ಕಂಡರೆ, ಅದನ್ನು ಮರುಪರಿಶೀಲನೆಗೆ ಹಿಂದಿರುಗಿಸಬೇಕು. ಟ್ರಾಯ್ 15 ದಿನಗಳೊಳಗೆ ಉತ್ತರಿಸಬಹುದು. ಆ ಬಳಿಕ ಅಂತಿಮ ತೀರ್ಮಾನ ಸರ್ಕಾರದ್ದು.
- ಟ್ರಾಯ್ ತನ್ನ ಕಾರ್ಯಗಳನ್ನು ಪಾರದರ್ಶಕವಾಗಿ ನಿರ್ವಹಿಸಬೇಕು.

ಹೀಗಾಗಿ ಸರ್ಕಾರವು ಶಿಫಾರಸನ್ನು ತಳ್ಳಿಹಾಕಬಹುದಾದರೂ ಕೇಳದೆ ಮುಂದುವರಿಯುವಂತಿಲ್ಲ. 2ಜಿ ತರಂಗಾಂತರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರುವರಿ 2ರಂದು 122 ಪರವಾನಗಿಗಳನ್ನು ರದ್ದುಪಡಿಸಿ, 22 ಸೇವಾ ಪ್ರದೇಶಗಳಲ್ಲಿ ಹರಾಜಿನ ಮೂಲಕ ಹಂಚಿಕೆ ಮಾಡುವ ಬಗ್ಗೆ ಹೊಸ ಶಿಫಾರಸು ಸಲ್ಲಿಸುವಂತೆ ಟ್ರಾಯ್‌ಗೆ ಆದೇಶಿಸಿತು. ಕರ್ನಾಟಕವು ಆ 22ರಲ್ಲಿ ಒಂದು. ಬೆಂಗಳೂರು ನಗರವೂ ಕೂಡ್ಲಿಗಿಯ ಹಳ್ಳಿಯೂ ಈ ಲೆಕ್ಕದಲ್ಲಿ ಒಂದೇ ವೃತ್ತಕ್ಕೆ ಸೇರುತ್ತವೆ.

ಶಿಫಾರಸು ಮತ್ತು ನಿಯಮಾವಳಿಗಳ ವ್ಯತ್ಯಾಸ

ಟ್ರಾಯ್ ಹೊರಡಿಸುವ ಎಲ್ಲ ದಾಖಲೆಗಳೂ ಸಲಹೆಗಳಲ್ಲ. ದರ, ಸೇವೆಯ ಗುಣಮಟ್ಟ ಮತ್ತು ಕಂಪನಿಗಳ ನಡುವಣ ಅಂತರ್‌ಸಂಪರ್ಕದ ವಿಷಯದಲ್ಲಿ ಟ್ರಾಯ್ ತಾನೇ ನಿಯಮಾವಳಿ ಅಥವಾ ದರ ಆದೇಶ ಹೊರಡಿಸುತ್ತದೆ; ಇವು ಸೇವಾದಾರರ ಮೇಲೆ ನೇರವಾಗಿ ಜಾರಿಯಾಗುತ್ತವೆ.

ಕೇಬಲ್ ಟಿ.ವಿ. ಕ್ಷೇತ್ರದಲ್ಲಿ ಎರಡಕ್ಕೂ ಉದಾಹರಣೆಗಳಿವೆ. ಕೇಬಲ್ ವ್ಯವಸ್ಥೆಯನ್ನು ಡಿಜಿಟಲ್‌ಗೆ ಬದಲಾಯಿಸಬೇಕೆಂದು 2010ರ ಆಗಸ್ಟ್‌ನಲ್ಲಿ ಟ್ರಾಯ್ ನೀಡಿದ್ದು ಶಿಫಾರಸು. ಅದನ್ನು ಜಾರಿಗೆ ತರಲು ಸಂಸತ್ತು 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಬದಲಾವಣೆ ನಾಲ್ಕು ಹಂತಗಳಲ್ಲಿ ನಡೆಯಿತು. ಬೆಂಗಳೂರು ಮತ್ತು ಮೈಸೂರು ಎರಡನೇ ಹಂತದಲ್ಲಿದ್ದರೆ, ಗ್ರಾಮೀಣ ಪ್ರದೇಶಗಳು ಕೊನೆಯ ಹಂತದಲ್ಲಿದ್ದವು. ಆ ಹಂತದ ಗಡುವು 2017ರ ಮಾರ್ಚ್ 31. ಇದಕ್ಕೆ ಪ್ರತಿಯಾಗಿ, 2019ರ ಫೆಬ್ರುವರಿ 1ರಿಂದ ಗ್ರಾಹಕರು ತಮಗೆ ಬೇಕಾದ ವಾಹಿನಿಗಳನ್ನು ಆಯ್ದು ಹಣ ಕೊಡುವಂತೆ ಮಾಡಿದ್ದು ದರ ಆದೇಶ. ಅದರಂತೆ ಮೊದಲ 100 ವಾಹಿನಿಗಳ ಜಾಲ ಶುಲ್ಕಕ್ಕೆ ತೆರಿಗೆ ಹೊರತು 130 ರೂಪಾಯಿಯ ಮಿತಿ ನಿಗದಿಯಾಯಿತು. 2020ರಲ್ಲಿ ಇದೇ ಮೊತ್ತಕ್ಕೆ 200 ವಾಹಿನಿಗಳೆಂದು ಬದಲಾಯಿತು. 2024ರಲ್ಲಿ ಮಿತಿಯನ್ನೇ ತೆಗೆಯಲಾಯಿತು. ಈ ದರಕ್ಕೆ ಊರಿನ ಗಾತ್ರದ ಭೇದವಿರಲಿಲ್ಲ; ಕೊಟ್ಟೂರಿನ ಗ್ರಾಹಕರಿಗೂ ಬೆಂಗಳೂರಿನ ಗ್ರಾಹಕರಿಗೂ ಒಂದೇ ಮಿತಿ ಅನ್ವಯಿಸುತ್ತಿತ್ತು.

ಸಮಾಲೋಚನಾ ಕ್ರಮ

ಶಿಫಾರಸು ಸಿದ್ಧಪಡಿಸುವ ಮೊದಲು ಟ್ರಾಯ್ ಪ್ರಶ್ನೆಗಳನ್ನೊಳಗೊಂಡ ಸಮಾಲೋಚನಾ ಪತ್ರವನ್ನು ಪ್ರಕಟಿಸುತ್ತದೆ. ಸಾಮಾನ್ಯವಾಗಿ ಅಭಿಪ್ರಾಯ ಸಲ್ಲಿಸಲು ನಾಲ್ಕು ವಾರ, ಇತರರ ಅಭಿಪ್ರಾಯಗಳಿಗೆ ಪ್ರತಿಕ್ರಿಯಿಸಲು ಎರಡು ವಾರ ಕಾಲಾವಕಾಶವಿರುತ್ತದೆ. ಬಂದ ಉತ್ತರಗಳು ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಬಳಿಕ 'ಓಪನ್ ಹೌಸ್' ಎಂಬ ಮುಕ್ತ ಚರ್ಚೆ ನಡೆದು, ಕಾರಣಗಳ ವಿವರಣೆಯೊಂದಿಗೆ ಶಿಫಾರಸು ಹೊರಬರುತ್ತದೆ. ಕಂಪನಿಗಳಷ್ಟೇ ಅಲ್ಲದೆ ಗ್ರಾಹಕ ಸಂಘಗಳು, ಸ್ಥಳೀಯ ಸಂಸ್ಥೆಗಳು ಮತ್ತು ಯಾವುದೇ ನಾಗರಿಕರು ಇದರಲ್ಲಿ ಭಾಗವಹಿಸಬಹುದು.

ಜನರ ಪಾಲ್ಗೊಳ್ಳುವಿಕೆ ಅತ್ಯಂತ ಹೆಚ್ಚಾಗಿ ಕಂಡದ್ದು 2015ರಲ್ಲಿ. ಅಂತರಜಾಲ ಆಧಾರಿತ ಸೇವೆಗಳನ್ನು ಕುರಿತು ಆ ವರ್ಷದ ಮಾರ್ಚ್‌ನಲ್ಲಿ ಪ್ರಕಟವಾದ ಪತ್ರಕ್ಕೆ 10 ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಬಂದವು. 2016ರ ಫೆಬ್ರುವರಿ 8ರಂದು, ಅಂತರಜಾಲದ ವಿಷಯವನ್ನು ಆಧರಿಸಿ ಬೇರೆ ಬೇರೆ ದರ ವಿಧಿಸುವುದನ್ನು ಟ್ರಾಯ್ ನಿಯಮಾವಳಿಯ ಮೂಲಕ ನಿಷೇಧಿಸಿತು. 2017ರ ನವೆಂಬರ್‌ನಲ್ಲಿ ಅಂತರಜಾಲ ತಟಸ್ಥತೆಯ ಬಗ್ಗೆ ಶಿಫಾರಸು ನೀಡಿತು; ಸರ್ಕಾರ ಅದನ್ನು 2018ರ ಜುಲೈನಲ್ಲಿ ಒಪ್ಪಿತು.

ಬ್ರಾಡ್‌ಬ್ಯಾಂಡ್: ಜನವಸತಿಯೋ ಪಂಚಾಯಿತಿಯೋ

2010ರ ಡಿಸೆಂಬರ್‌ನಲ್ಲಿ ಟ್ರಾಯ್ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಯೋಜನೆಯ ಶಿಫಾರಸು ಸಲ್ಲಿಸಿತು. 500 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪ್ರತಿ ಜನವಸತಿಗೂ ಆಪ್ಟಿಕಲ್ ಫೈಬರ್ ತಲುಪಬೇಕೆಂಬುದು ಅದರ ತಿರುಳು. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟವು ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವು ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಗುರಿಯಾಗಿಟ್ಟುಕೊಂಡಿತು. ಈ ಯೋಜನೆಗೆ ನಂತರ ಭಾರತ್‌ನೆಟ್ ಎಂಬ ಹೆಸರು ಬಂದಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಬಹುಮಟ್ಟಿಗೆ ಇದರ ಮೊದಲ ಹಂತದಲ್ಲೇ ಸೇರಿದ್ದವು.

ಶಿಫಾರಸಿಗೂ ನಿರ್ಧಾರಕ್ಕೂ ಇದ್ದ ಈ ಅಂತರದ ಪರಿಣಾಮ ಒಣಭೂಮಿಯ ತಾಲ್ಲೂಕುಗಳಲ್ಲಿ ಹೆಚ್ಚು. ಕೂಡ್ಲಿಗಿ ಸೀಮೆಯ ಹಟ್ಟಿಗಳು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಹಾಗೂ ಹಡಗಲಿ ತಾಲ್ಲೂಕುಗಳ ತಾಂಡಾಗಳು ಪಂಚಾಯಿತಿ ಕೇಂದ್ರದಿಂದ ದೂರದಲ್ಲಿ ಚದುರಿಕೊಂಡಿವೆ. ಒಂದು ಪಂಚಾಯಿತಿಯಲ್ಲಿ ಇಂತಹ ಹಲವು ವಸತಿಗಳಿದ್ದರೂ, ಪಂಚಾಯಿತಿ ಕಚೇರಿಗೆ ಫೈಬರ್ ತಲುಪಿದರೆ ಯೋಜನೆಯ ಲೆಕ್ಕದಲ್ಲಿ ಆ ಪಂಚಾಯಿತಿ ಸಂಪರ್ಕ ಪಡೆದಂತೆ. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿ ವೆಚ್ಚದಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮವು ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆಯ ಮೇರೆಗೆ ಸಂಪರ್ಕ ಒದಗಿಸಲು ಅವಕಾಶ ಕಲ್ಪಿಸಿತು. 2010ರ ಸಲಹೆಯ ಆಶಯಕ್ಕೆ ಸರ್ಕಾರವು 13 ವರ್ಷಗಳ ಬಳಿಕ ಸಮೀಪಿಸಿದಂತಾಯಿತು.

ವ್ಯಾಖ್ಯೆಯೂ ಒಂದು ಬಗೆಯ ಅಳತೆಯೇ. 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2013ರಲ್ಲಿ ಮಿತಿಯನ್ನು 512 ಕಿಲೋಬಿಟ್‌ಗೆ ಏರಿಸಲಾಯಿತು. 2 ಮೆಗಾಬಿಟ್ ಇರಬೇಕೆಂದು ಟ್ರಾಯ್ 2021ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿತು; ಸರ್ಕಾರ 2023ರ ಜನವರಿಯಲ್ಲಿ ಅದನ್ನು ಜಾರಿಗೆ ತಂದಿತು.

ಎಫ್.ಎಂ. ಬಾನುಲಿ: ಒಂದು ಲಕ್ಷದ ಗೆರೆ

ಕರ್ನಾಟಕದ ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಆಗಿನ ನಿಗದಿತ ಪರವಾನಗಿ ಶುಲ್ಕವನ್ನು ಭರಿಸುವುದು ಕಂಪನಿಗಳಿಗೆ ಕಷ್ಟವಾಯಿತು. ಆದಾಯದ ಪಾಲಿನ ರೂಪದಲ್ಲಿ ಶುಲ್ಕ ಪಡೆಯಬೇಕೆಂದು ಟ್ರಾಯ್ 2004ರಲ್ಲಿ ನೀಡಿದ ಸಲಹೆಯ ಆಧಾರದ ಮೇಲೆ 2005ರಲ್ಲಿ ಎರಡನೇ ಹಂತ ರೂಪುಗೊಂಡಿತು. 2011ರ ಮೂರನೇ ಹಂತದ ನೀತಿಯು ಸಾಮಾನ್ಯವಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು.

2011ರ ಜನಗಣತಿಯಲ್ಲಿ ಹೊಸಪೇಟೆಯ ಜನಸಂಖ್ಯೆ ಎರಡು ಲಕ್ಷ ಮೀರಿತ್ತು. ಐದು ತಾಲ್ಲೂಕು ಕೇಂದ್ರಗಳಲ್ಲಿ ಒಂದೂ ಲಕ್ಷ ಮುಟ್ಟಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟವು 234 ಹೊಸ ನಗರಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿಗೆ ನೀಡಿದಾಗ ಹೊಸಪೇಟೆ, ಬಳ್ಳಾರಿ ಮತ್ತು ದಾವಣಗೆರೆ ಪಟ್ಟಿಯಲ್ಲಿದ್ದವು. ಈ ಐದು ಪಟ್ಟಣಗಳು ಇರಲಿಲ್ಲ. ಹರಪನಹಳ್ಳಿಯು ತನ್ನ ಜಿಲ್ಲಾ ಕೇಂದ್ರವಾದ ಹೊಸಪೇಟೆಗಿಂತ ದಾವಣಗೆರೆಗೇ ಸಮೀಪವಿರುವುದರಿಂದ, ಅಲ್ಲಿಗೆ ಯಾವ ಊರಿನ ಬಾನುಲಿ ಕೇಳಿಸುತ್ತದೆ ಎಂಬುದು ಜಿಲ್ಲೆಯ ಗಡಿಗಿಂತ ಪ್ರಸಾರ ಗೋಪುರದ ಎತ್ತರ ಮತ್ತು ಶಕ್ತಿಯನ್ನೇ ಅವಲಂಬಿಸುತ್ತದೆ.

ಖಾಸಗಿ ಎಫ್.ಎಂ. ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಾವಣೆಯಿಲ್ಲದೆ ಮರುಪ್ರಸಾರ ಮಾಡಬಹುದು. ಪ್ರತಿ ಗಂಟೆಯಲ್ಲಿ 10 ನಿಮಿಷ ಸುದ್ದಿ ಹಾಗೂ ಪ್ರಚಲಿತ ವಿದ್ಯಮಾನಕ್ಕೆ ಅವಕಾಶ ಕೊಡಬೇಕೆಂದು ಟ್ರಾಯ್ 2023ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು. ಆದಾಯದ ಶೇ. 4ರಷ್ಟು ಮಾತ್ರ ವಾರ್ಷಿಕ ಶುಲ್ಕ ವಿಧಿಸಬೇಕೆಂಬ ಸಲಹೆಯೂ ಅದೇ ಶಿಫಾರಸಿನಲ್ಲಿತ್ತು. 2024ರ ಸಂಪುಟ ನಿರ್ಧಾರದಲ್ಲಿ ಹೊಸ ನಗರಗಳಿಗೆ ಈ ಶುಲ್ಕದ ಕ್ರಮ ಸೇರಿತು. ಸುದ್ದಿಯ ವಿಷಯ ಸೇರಲಿಲ್ಲ.

ಸಮುದಾಯ ಬಾನುಲಿ

ಲಕ್ಷದ ಗೆರೆಯ ಕೆಳಗಿನ ಊರುಗಳಿಗೆ ಉಳಿದ ಮಾರ್ಗ ಸಮುದಾಯ ಬಾನುಲಿ. ಇದರ ಪ್ರಸಾರ ಸಾಮಾನ್ಯವಾಗಿ 10ರಿಂದ 15 ಕಿ.ಮೀ. ವ್ಯಾಪ್ತಿಯದು. 2002ರ ನೀತಿಯು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಅನುಮತಿ ನೀಡಿತ್ತು. ಆ ಕಾರಣ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಗಾಳಿಯಲ್ಲಿ ಪ್ರಸಾರ ಮಾಡಲಾಗದೆ ಕೇಬಲ್ ಮೂಲಕ ಮನೆಗಳನ್ನು ತಲುಪಬೇಕಾಯಿತು. ಟ್ರಾಯ್ 2004ರ ಡಿಸೆಂಬರ್‌ನಲ್ಲಿ ಸಮುದಾಯ ಬಾನುಲಿಯ ಪರವಾನಗಿ ಕುರಿತು ಶಿಫಾರಸು ಸಲ್ಲಿಸಿತು. 2006ರ ನವೆಂಬರ್‌ನ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ನೀಡಿತು. ಇಲ್ಲಿ ಜನಸಂಖ್ಯೆಯ ಕನಿಷ್ಠ ಮಿತಿಯಿಲ್ಲ. ಆದರೆ ಹರಾಜಿನಂತೆ ಸರ್ಕಾರ ಊರುಗಳನ್ನು ಹೆಸರಿಸುವುದೂ ಇಲ್ಲ. ಸ್ಥಳೀಯ ಸಂಸ್ಥೆಯೊಂದು ತಾನಾಗಿ ಅರ್ಜಿ ಹಾಕಿ, ವೆಚ್ಚ ಹೊರಬೇಕು.

ದೂರವಾಣಿ ಸಂಖ್ಯೆಗಳು

ಸ್ಥಿರ ದೂರವಾಣಿಯ ಎಸ್.ಟಿ.ಡಿ. ಸಂಕೇತಗಳು ದೇಶವನ್ನು 2,600ಕ್ಕೂ ಹೆಚ್ಚು ಕಿರು ಪ್ರದೇಶಗಳಾಗಿ ವಿಭಾಗಿಸುತ್ತವೆ. ಕೂಡ್ಲಿಗಿ 08391, ಹಗರಿಬೊಮ್ಮನಹಳ್ಳಿ 08397, ಹರಪನಹಳ್ಳಿ 08398 ಮತ್ತು ಹೂವಿನಹಡಗಲಿ 08399 ಸಂಕೇತಗಳನ್ನು ಹೊಂದಿವೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಆದರೂ ಅದರ ಸಂಕೇತ ನೆರೆಯ ತಾಲ್ಲೂಕುಗಳ ಸರಣಿಯಲ್ಲೇ ಉಳಿದಿದೆ. 2025ರ ಫೆಬ್ರುವರಿಯಲ್ಲಿ ಟ್ರಾಯ್, ಸ್ಥಿರ ದೂರವಾಣಿ ಸಂಖ್ಯೆಗಳನ್ನು ಕಿರು ಪ್ರದೇಶಗಳ ಬದಲು ಇಡೀ ವೃತ್ತದ ಮಟ್ಟದಲ್ಲಿ ಹಂಚಬೇಕೆಂದೂ, ಸ್ಥಿರ ದೂರವಾಣಿಗಳ ನಡುವಣ ಎಲ್ಲ ಕರೆಗಳಿಗೂ ಸೊನ್ನೆ ಮತ್ತು ಸಂಕೇತವನ್ನು ಸೇರಿಸಿಯೇ ಒತ್ತಬೇಕೆಂದೂ ಶಿಫಾರಸು ಮಾಡಿತು. ಬಳಕೆಯಾಗದೆ ಉಳಿದಿರುವ ಸಂಖ್ಯೆಗಳನ್ನು ಬಿಡುಗಡೆ ಮಾಡುವುದು ಇದರ ಉದ್ದೇಶ.

ವಿಮರ್ಶೆ

ಶಿಫಾರಸು ವ್ಯವಸ್ಥೆಯ ಬಗ್ಗೆ ಎರಡು ಬಗೆಯ ಆಕ್ಷೇಪಗಳಿವೆ. ಮೊದಲನೆಯದು ಅಧಿಕಾರದ ಕುರಿತು: ಅಂತಿಮ ನಿರ್ಧಾರಕ್ಕೆ ಸರ್ಕಾರಕ್ಕೆ ಕಾಲಮಿತಿಯಿಲ್ಲದ ಕಾರಣ ಹಲವು ಶಿಫಾರಸುಗಳು ವರ್ಷಗಟ್ಟಲೆ ಬಾಕಿ ಉಳಿಯುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ದೂರಸಂಪರ್ಕ ಮಸೂದೆಯ ಕರಡು, ಸಲಹೆ ಕೇಳುವ ಹಾಗೂ ಮರುಪರಿಶೀಲನೆಗೆ ಹಿಂದಿರುಗಿಸುವ ನಿಯಮಗಳನ್ನು ಸಡಿಲಿಸಲು ಹೊರಟಾಗ ಟೀಕೆ ವ್ಯಕ್ತವಾಯಿತು.

ಎರಡನೆಯದು ಪಾಲ್ಗೊಳ್ಳುವಿಕೆಯ ಕುರಿತು: ಸಮಾಲೋಚನಾ ಪತ್ರಗಳು ಮುಖ್ಯವಾಗಿ ಇಂಗ್ಲಿಷಿನಲ್ಲಿ, ತಾಂತ್ರಿಕ ಪರಿಭಾಷೆಯಲ್ಲಿ ಪ್ರಕಟವಾಗುತ್ತವೆ. ಕಂಪನಿಗಳಿಗೆ ಇದಕ್ಕೆಂದೇ ಕಾನೂನು ತಜ್ಞರಿರುತ್ತಾರೆ. ಗ್ರಾಮ ಪಂಚಾಯಿತಿಗೋ ತಾಲ್ಲೂಕಿನ ಕೇಬಲ್ ನಿರ್ವಾಹಕರಿಗೋ ಆ ಅನುಕೂಲವಿಲ್ಲ. ಜನವಸತಿ, ಪಂಚಾಯಿತಿ, ಲಕ್ಷ ಜನಸಂಖ್ಯೆ ಎಂಬ ಅಳತೆಗಳು ಮೊದಲು ಪ್ರಶ್ನೆಯ ರೂಪದಲ್ಲಿ ಬರುವುದು ಈ ಪತ್ರಗಳಲ್ಲೇ. ಉತ್ತರ ಕಳುಹಿಸುವ ಹಕ್ಕು ಎಲ್ಲರಿಗೂ ಸಮಾನವಾಗಿದ್ದರೂ, ಆರು ವಾರಗಳ ಆ ಅವಧಿಯಲ್ಲಿ ಅದನ್ನು ಬಳಸಬಲ್ಲವರ ಅನುಭವವೇ ಶಿಫಾರಸಿನಲ್ಲಿ ಹೆಚ್ಚಾಗಿ ಪ್ರತಿಫಲಿಸುತ್ತದೆ ಎಂಬುದು ಈ ಆಕ್ಷೇಪದ ಸಾರ.