ಚಿಕಾಗೊ ಸೂತ್ರ, ಬಾಂದ್ರಾದ ಲೆಕ್ಕ

ಬಾಂದ್ರಾ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಪಾಲಿ ಹಿಲ್, ಬ್ಯಾಂಡ್‌ಸ್ಟ್ಯಾಂಡ್ ಕಡೆಯ ದಾರಿ. ಪೂರ್ವಕ್ಕೆ ಇಳಿದರೆ ಹಳಿಗೆ ಒತ್ತಿಕೊಂಡೇ ಗರೀಬ್ ನಗರ, ಬೆಹ್ರಾಮ್‌ಪಾಡಾ. ಅಸಮಾನತೆ ಹೆಚ್ಚಿದಷ್ಟೂ ಕೊಲೆ ಹೆಚ್ಚೆಂದು ಸಮಾಜವಿಜ್ಞಾನಿಗಳಲ್ಲಿ ಹಲವರು ನಾಲ್ಕು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಆ ಮಾತು ಎಲ್ಲೆಡೆ ಸಲ್ಲುವುದಾದರೆ ಮುಂಬಯಿಯಲ್ಲಿ ದಿನಾ ನೆತ್ತರು ಹರಿಯಬೇಕಿತ್ತು. ಆದರೆ ಕೋಟಿ ಮೀರಿದ ಜನರಿರುವ ಈ ಊರಲ್ಲಿ ಇತ್ತೀಚೆಗೆ ಪೊಲೀಸರ ಲೆಕ್ಕಕ್ಕೆ ಬರುವ ಕೊಲೆಗಳು ವರ್ಷಕ್ಕೆ ಇನ್ನೂರನ್ನೂ ಮುಟ್ಟುತ್ತಿಲ್ಲ.

ಈ ಅಧ್ಯಯನದ ತೊಟ್ಟಿಲು ಚಿಕಾಗೊ. ಒಂದೇ ಬಡ ಕೇರಿಯಲ್ಲಿ ವಲಸಿಗರ ಗುಂಪುಗಳು ಬದಲಾಗುತ್ತ ಹೋದರೂ ಬಾಲಾಪರಾಧ ಇಳಿಯಲಿಲ್ಲವೆಂದು ಕ್ಲಿಫರ್ಡ್ ಶಾ, ಹೆನ್ರಿ ಮೆಕೇ 1942ರಲ್ಲಿ ತೋರಿಸಿದರು. ತಪ್ಪು ಜನರ ಹುಟ್ಟಿನಲ್ಲಿಲ್ಲ, ಅವರು ಬದುಕಬೇಕಾದ ಜಾಗದ ಸ್ಥಿತಿಯಲ್ಲಿದೆ ಎಂಬುದು ಅಲ್ಲಿಂದ ಗಟ್ಟಿಯಾಯಿತು. 1982ರಲ್ಲಿ ಜುಡಿತ್ ಮತ್ತು ಪೀಟರ್ ಬ್ಲೌ ಅಮೆರಿಕದ 125 ಮಹಾನಗರ ಪ್ರದೇಶಗಳ ಅಂಕಿಅಂಶ ಜಾಲಾಡಿ, ಹಿಂಸೆಗೆ ಬಡತನಕ್ಕಿಂತ ಅಸಮಾನತೆಯೇ ಹತ್ತಿರದ ನಂಟು ಎಂದರು. 1997ರಲ್ಲಿ ಮಾರ್ಗೊ ವಿಲ್ಸನ್, ಮಾರ್ಟಿನ್ ಡೇಲಿ ಚಿಕಾಗೊದ 77 ಬಡಾವಣೆಗಳನ್ನು ಒಂದೊಂದಾಗಿ ನೋಡಿದರು. ಒಂದು ಬಡಾವಣೆಯಲ್ಲಿ ಗಂಡಸರ ಸರಾಸರಿ ಆಯುಷ್ಯ 77 ವರ್ಷ, ಇನ್ನೊಂದರಲ್ಲಿ 54. ಆಯುಷ್ಯ ಕುಗ್ಗಿದ ಕಡೆಯೇ ಕೊಲೆ ಏರಿತ್ತು. ಅದೇ ವರ್ಷ ರಾಬರ್ಟ್ ಸ್ಯಾಂಪ್ಸನ್ ತಂಡ, ನೆರೆಹೊರೆಯವರು ಒಬ್ಬರನ್ನೊಬ್ಬರು ನಂಬಿ ಕೇರಿಯ ಹೊಣೆ ಹೊರುವ ಕಡೆ ಹಿಂಸೆ ಕಡಿಮೆಯೆಂದು ಕಂಡುಕೊಂಡಿತು.

ಭಾರತಕ್ಕೆ ಬಂದಾಗ ಸೂತ್ರ ತಡವರಿಸಿತು. ಜಾನ್ ಡ್ರೀಜ್ ಮತ್ತು ರೀತಿಕಾ ಖೇರಾ 1981ರ ಜಿಲ್ಲಾವಾರು ಮಾಹಿತಿ ಆಧರಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಲೆಗೆ ಬಡತನದೊಂದಿಗಾಗಲಿ ನಗರೀಕರಣದೊಂದಿಗಾಗಲಿ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಗಂಡಸರಿಗೆ ಹೋಲಿಸಿದರೆ ಹೆಂಗಸರ ಸಂಖ್ಯೆ ಕಡಿಮೆಯಿರುವ ಜಿಲ್ಲೆಗಳಲ್ಲಿ ಕೊಲೆ ಹೆಚ್ಚಿತ್ತು. ಅಕ್ಷರ ಹೆಚ್ಚಿದ ಕಡೆ ಕಡಿಮೆಯಿತ್ತು. ಅಸಮಾನತೆ ಎಂದರೆ ಆದಾಯವಷ್ಟೇ ಅಲ್ಲ, ಗಂಡು ಹೆಣ್ಣಿನ ನಡುವಿನದೂ ಹೌದೆಂದು ನೆನಪಿಸಿದ ಈ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಇನ್ನೂ ಸಿಕ್ಕಿಲ್ಲ.

ಮುಂಬಯಿಯೇನೂ ಯಾವಾಗಲೂ ಶಾಂತವಾಗಿರಲಿಲ್ಲ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಬದುಕನ್ನು ಅಲುಗಾಡಿಸಿತು. ಕೆಲಸ ಹೋದ ಮನೆಗಳ ಹುಡುಗರು ಭೂಗತ ಟೋಳಿಗಳ ಪಾಲಾದರೆಂಬ ವಿವರಣೆ ನಗರದ ಚರಿತ್ರೆ ಬರೆದವರಲ್ಲಿ ಮತ್ತೆ ಮತ್ತೆ ಬರುತ್ತದೆ. ಹಫ್ತಾ, ಸುಪಾರಿ ಎಂಬ ಮಾತುಗಳ ಭಯವನ್ನು ಹೋಟೆಲು, ಬಾರು ನಡೆಸುತ್ತಿದ್ದ ನಮ್ಮ ಕರಾವಳಿಯವರೂ ಉಂಡಿದ್ದಾರೆ. ಮುಷ್ಕರದ ಮುಂದಾಳು ದತ್ತಾ ಸಾಮಂತ್ 1997ರ ಜನವರಿಯಲ್ಲಿ ಗುಂಡಿಗೆ ಬಲಿಯಾದರು.

1992-93ರ ಗಲಭೆಯದು ಇನ್ನೊಂದೇ ಬಗೆ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗ ಲೆಕ್ಕ ಹಾಕಿದ 900 ಸಾವುಗಳಲ್ಲಿ 575 ಮುಸ್ಲಿಮರದು, 275 ಹಿಂದೂಗಳದು. ಬೆಹ್ರಾಮ್‌ಪಾಡಾ ಆಗ ಕಂಡದ್ದನ್ನು ವರ್ಷಕ್ಕಿಷ್ಟು ಕೊಲೆ ಎಂಬ ಸರಾಸರಿ ಹಿಡಿದಿಡಲಾರದು. ಯಾವ ಕೇರಿಯವರು, ಯಾವ ಧರ್ಮದವರು ಎಂಬ ಪ್ರಶ್ನೆ ಆದಾಯದ ಅಂತರದೊಳಗೆ ಅಡಗುವುದಿಲ್ಲ.

ಇಷ್ಟರ ಮೇಲೂ ಕೊಲೆಗಳನ್ನಷ್ಟೇ ಎಣಿಸುತ್ತ ಕೂತರೆ ಮುಂಬಯಿ ಅರ್ಥವಾಗದು. 2002ರ ಸೆಪ್ಟೆಂಬರ್‌ನಲ್ಲಿ ಬಾಂದ್ರಾದ ಬೇಕರಿಯೊಂದರ ಮುಂದೆ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿದು ಒಬ್ಬ ಸತ್ತ, ನಾಲ್ವರು ಗಾಯಗೊಂಡರು. 2023ರಲ್ಲಿ ಉಪನಗರ ರೈಲು ಹಳಿಗಳ ಮೇಲೆ ಸತ್ತವರು 2,500ಕ್ಕೂ ಹೆಚ್ಚು. ಹಳಿ ದಾಟುವಾಗ ಸಿಕ್ಕಿಬಿದ್ದವರು, ಕಿಕ್ಕಿರಿದ ಲೋಕಲ್‌ನ ಬಾಗಿಲಿಂದ ಜಾರಿದವರು. ಪ್ರಯಾಣಿಕರನ್ನು ದನಗಳಂತೆ ಸಾಗಿಸುವುದು ನಾಚಿಕೆಗೇಡೆಂದು ಬಾಂಬೆ ಹೈಕೋರ್ಟ್ 2024ರ ಜೂನ್‌ನಲ್ಲಿ ರೈಲ್ವೆಯನ್ನು ತರಾಟೆಗೆ ತೆಗೆದುಕೊಂಡಿತು. ಯಾರೂ ಚಾಕು ಎತ್ತಿರುವುದಿಲ್ಲ. ಆದರೆ ಕೆಲಸದ ಜಾಗದ ಹತ್ತಿರ ಮನೆ ಕೊಳ್ಳಲಾಗದವರು, ಹಳಿಯ ಪಕ್ಕದಲ್ಲೇ ಜೋಪಡಿ ಕಟ್ಟಿಕೊಳ್ಳಬೇಕಾದವರು ಈ ಅಪಾಯಕ್ಕೆ ದಿನವೂ ಮೈಯೊಡ್ಡಬೇಕು.

ಚಿಕಾಗೊದ 77 ಬಡಾವಣೆಗಳಿಗೆ ಸಿಕ್ಕ ಗಮನ ಮಹಾನಗರಪಾಲಿಕೆಯ ವಾರ್ಡುಗಳಿಗೂ ಸಿಗಬೇಕು. ಬಾಂದ್ರಾ ಪೂರ್ವ ಎಚ್-ಈಸ್ಟ್‌ಗೆ, ಪಶ್ಚಿಮ ಎಚ್-ವೆಸ್ಟ್‌ಗೆ ಸೇರುತ್ತವೆ. ಹಳಿ, ರಸ್ತೆ, ಕುಸಿದ ಗೋಡೆ, ಬೆಂಕಿ, ಕೊಲೆ ಎಲ್ಲವನ್ನೂ ಸತ್ತವರ ವಯಸ್ಸು, ಕಸುಬು, ಮನೆ ವಿಳಾಸದೊಂದಿಗೆ ಒಂದೇ ಪಟ್ಟಿಯಲ್ಲಿಟ್ಟು ಎರಡೂ ವಾರ್ಡುಗಳನ್ನು ಹೋಲಿಸುವುದು ಮುಂದಿನ ಸಂಶೋಧಕರ ಮೊದಲ ಕೆಲಸವಾಗಬೇಕು.