ಕ್ವಿನೈನಿನ ನೀಲಿ ಬೆಳಕು

ನಮ್ಮ ಹಿರಿಯರ ಕಾಲದಲ್ಲಿ ಚಳಿಜ್ವರವೆಂದರೆ ಕ್ವಿನೈನ್ ಎಂಬ ಮಾತಿತ್ತು. ಅದರ ಕಹಿಯನ್ನು ನಾಲಿಗೆಯಲ್ಲಿ ಇಟ್ಟುಕೊಂಡವರು ಈ ಸಭೆಯಲ್ಲಿಯೂ ಇರಬಹುದು. ಸಿಂಕೋನಾ ಮರದ ತೊಗಟೆಯಿಂದ ತೆಗೆಯುವ ಈ ಔಷಧಕ್ಕಾಗಿ ಆಂಗ್ಲರು 1860ರ ಸುಮಾರಿಗೆ ದಕ್ಷಿಣ ಅಮೆರಿಕದಿಂದ ಸಸಿಗಳನ್ನು ತರಿಸಿ ನೀಲಗಿರಿಯಲ್ಲಿ ನೆಡಿಸಿದರು. ಇದು ಅನೇಕರು ಬಲ್ಲ ಇತಿಹಾಸ. ಅದೇ ಕ್ವಿನೈನ್ ನೀರಿನಲ್ಲಿ ಕರಗಿದ ಉಪ್ಪನ್ನು ಗುರುತಿಸುವ ಒಂದು ವಿದ್ಯೆಗೂ ಮೂಲವಾಯಿತೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

1845ರಲ್ಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಕ್ವಿನೈನ್ ಸಲ್ಫೇಟಿನ ದ್ರಾವಣವನ್ನು ಬಿಸಿಲಿಗೆ ಹಿಡಿದಾಗ, ನೀರಿನಂತೆ ತಿಳಿಯಾಗಿದ್ದ ಅದರ ಮೇಲ್ಮೈಯಲ್ಲಿ ಆಕಾಶನೀಲಿ ಹೊಳಪು ಮೂಡಿದ್ದನ್ನು ವರ್ಣಿಸಿದನು. ಕಾರಣವನ್ನು ಕಂಡುಹಿಡಿದವನು ಕೇಂಬ್ರಿಜ್‌ನ ಪ್ರಾಧ್ಯಾಪಕ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್. ಸೂರ್ಯಪ್ರಕಾಶವನ್ನು ಅಶ್ರಗದಿಂದ ಬಣ್ಣಬಣ್ಣವಾಗಿ ಬಿಡಿಸಿ, ದ್ರಾವಣದ ನಳಿಗೆಯನ್ನು ಒಂದೊಂದು ಬಣ್ಣದಲ್ಲಿ ಇಡುತ್ತ ಹೋದನು. ನೇರಳೆಯನ್ನೂ ದಾಟಿ, ಕಣ್ಣಿಗೆ ಕತ್ತಲೆಯೆಂದೇ ತೋರುವ ಜಾಗದಲ್ಲಿ ನಳಿಗೆ ನೀಲಿಯಾಗಿ ಬೆಳಗಿತು. ಕಾಣದ ಕಿರಣವನ್ನು ನುಂಗಿ ಕಾಣುವ ಬೆಳಕನ್ನು ಹೊರಹಾಕುವ ಈ ಗುಣಕ್ಕೆ 1852ರಲ್ಲಿ ಅವನು ಫ್ಲೋರೆಸೆನ್ಸ್ ಎಂದು ಹೆಸರಿಟ್ಟನು. ನಾವು ಪ್ರತಿದೀಪ್ತಿ ಎನ್ನುತ್ತೇವೆ. ಆ ಹೆಸರು ಫ್ಲೋರ್‌ಸ್ಪಾರ್ ಎಂಬ ಹೊಳೆಯುವ ಖನಿಜದಿಂದ ಬಂದುದು. ಮುಂಡರಗಿ, ಪಾವಗಡ ಸೀಮೆಗಳ ಕೊಳವೆಬಾವಿಗಳಲ್ಲಿ ಸೇರಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡಿನ ಹೆಸರಿಗೂ ಅದೇ ಖನಿಜವೇ ಮೂಲವೆಂಬುದು ವಿಚಿತ್ರ.

ಸ್ಟೋಕ್ಸ್ ಅಷ್ಟಕ್ಕೇ ಬಿಡಲಿಲ್ಲ. ಗಂಧಕಾಮ್ಲದಲ್ಲಿ ಹೊಳೆಯುವ ಕ್ವಿನೈನ್, ಹೈಡ್ರೋಕ್ಲೋರಿಕ್ ಆಮ್ಲ ಬಿದ್ದೊಡನೆ ಮಂಕಾಗುವುದನ್ನೂ 1869ರಲ್ಲಿ ಬರೆದಿಟ್ಟನು. ನಂದಿಸುವುದು ಕ್ಲೋರೈಡ್ ಎಂಬ ಋಣ ಅಯಾನು. ಅಡುಗೆಯ ಉಪ್ಪಿನಲ್ಲಿರುವುದೂ ಅದೇ. ಕಿರಣವನ್ನುಂಡು ಉತ್ತೇಜಿತವಾದ ಕ್ವಿನೈನಿನ ಅಣುವಿಗೆ ಕ್ಲೋರೈಡ್ ಡಿಕ್ಕಿ ಹೊಡೆದರೆ, ಅಣು ತನ್ನ ಶಕ್ತಿಯನ್ನು ಬೆಳಕಾಗಿ ಬಿಡದೆ ಕಳೆದುಕೊಳ್ಳುತ್ತದೆ. ಉಪ್ಪು ಹೆಚ್ಚಿದಷ್ಟೂ ಬೆಳಕು ಕಡಿಮೆ. ಈ ಲೆಕ್ಕವನ್ನು 1919ರಲ್ಲಿ ಸ್ಟರ್ನ್ ಮತ್ತು ವೋಲ್ಮರ್ ಸೂತ್ರಕ್ಕಿಳಿಸಿದರು.

ಇಲ್ಲಿ ಸ್ವಂತದ ಒಂದು ಮಾತು. ನಾನು ಇತಿಹಾಸದ ಮಾಸ್ತರ. 1988ರ ಚಳಿಗಾಲದಲ್ಲಿ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ ಅವರ ತರಗತಿ ನನ್ನ ಪಾಲಿಗೆ ಬಂದಿತು. ಹಳೆಯ ಪುಸ್ತಕವೊಂದನ್ನು ನಂಬಿ, ಕ್ವಿನೈನ್ ಗುಳಿಗೆಯೊಂದನ್ನು ತೆಳು ಗಂಧಕಾಮ್ಲದಲ್ಲಿ ಕರಗಿಸಿ ಶಾಲೆಯ ಅಂಗಳದ ಬಿಸಿಲಿನಲ್ಲಿ ಹಿಡಿದೆ. ನೀಲಿ ಹೊಳಪು ಕಂಡ ಮಕ್ಕಳು ಹೋ ಎಂದರು. ಚಿಟಿಕೆ ಉಪ್ಪು ಹಾಕಿದೆ, ಹೊಳಪು ಹೋಯಿತು. ಆಗ ಹಿಂದಿನ ಸಾಲಿನ ಹುಡುಗನೊಬ್ಬ, "ಸರ್, ನಮ್ಮ ಬಾವಿ ನೀರ ಹಾಕಿ ನೋಡೂಣ್ರೀ" ಎಂದನು. ಮರುದಿನ ಬಾಟಲಿ ತುಂಬಿ ತಂದನು. ನದಿಯ ನೀರು ಬೆರೆಸಿದ ನಳಿಗೆ ಹೆಚ್ಚುಕಡಿಮೆ ಮೊದಲಿನಂತೆಯೇ ಹೊಳೆಯಿತು. ಅವನ ಬಾವಿಯ ನೀರು ಬೆರೆಸಿದ್ದು ಮಂಕಾಯಿತು.

ಕೃಷ್ಣೆಯ ದಂಡೆಯಲ್ಲಿ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಭೂಮಿ ಸವಳಾದ ಕಥೆ ಮಿರಜ, ವಾಳವೆ ತಾಲೂಕಿನವರಿಗೆ ಹೊಸದಲ್ಲ. ಆ ಹುಡುಗನ ತಂದೆ ಅದೇ ಬಾವಿಯನ್ನು ನಂಬಿ ದ್ರಾಕ್ಷಿ ಹಚ್ಚಿದ್ದರು. ದ್ರಾಕ್ಷಿಗೆ ಕ್ಲೋರೈಡ್ ಆಗದು. ಎಲೆಯ ಅಂಚು ಸುಟ್ಟಂತಾಗುತ್ತದೆ. ನಾನು ಅದನ್ನು ಪಾಠವೆಂದು ಮುಗಿಸಿ ನಳಿಗೆ ತೊಳೆದಿಟ್ಟೆನೇ ಹೊರತು, ನೀರನ್ನು ಪ್ರಯೋಗಶಾಲೆಗೆ ಕಳುಹಿಸಿರಿ ಎಂದು ಆ ತಂದೆಗೆ ಹೇಳಲಿಲ್ಲ. 1991ರಲ್ಲಿ ಆ ತೋಟವನ್ನು ಕಿತ್ತರು. ಹುಡುಗ ಅಷ್ಟರಲ್ಲಿ ಶಾಲೆ ಬಿಟ್ಟಿದ್ದನು.

ನಾವು ಅಂಗಳದಲ್ಲಿ ಆಟವಾಡಿದುದಕ್ಕೆ ಒಂದು ವರ್ಷ ಮೊದಲು, 1987ರಲ್ಲಿ, ಅಮೆರಿಕದಲ್ಲಿ ಇಲ್ಸ್‌ಲಿ ಮತ್ತು ವರ್ಕ್‌ಮನ್ ಎಂಬವರು ಕ್ವಿನೈನಿನ ಬಂಧುವಾದ ಎಸ್‌ಪಿಕ್ಯೂ ಎಂಬ ಸಂಯುಕ್ತದಿಂದ ಜೀವಪೊರೆಗಳ ಮೂಲಕ ಕ್ಲೋರೈಡ್ ಸಾಗುವುದನ್ನು ಅಳೆದು ತೋರಿಸಿದ್ದರೆಂದು ಬಹಳ ತಡವಾಗಿ ಓದಿದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದಲ್ಲಿ ಕೋಶದಿಂದ ಕ್ಲೋರೈಡ್ ಸರಿಯಾಗಿ ಹೊರಬರುವುದಿಲ್ಲ. ಅದರ ಸಂಶೋಧನೆಗೆ ಈ ಸಂಯುಕ್ತ ನೆರವಾಯಿತು.

ಇವೆಲ್ಲ ನಂದುವ ದೀಪಗಳು. ಅಯಾನು ಬಂದಾಗ ಹೊತ್ತಿಕೊಳ್ಳುವ ದೀಪವನ್ನು ಮಾಡುವುದು ಕಷ್ಟ. ಋಣ ಅಯಾನುಗಳ ಆಕಾರಗಳು ಬಗೆಬಗೆ, ಮೇಲಾಗಿ ನೀರು ಅವನ್ನು ಸುತ್ತುವರಿದು ಬಿಡದು. 1989ರಲ್ಲಿ ಅಮೆರಿಕದ ಚಾರ್ನಿಕ್ ಮತ್ತು ಸಂಗಡಿಗರು ಫಾಸ್ಫೇಟ್ ಅಂಟಿಕೊಂಡಾಗ ಹೆಚ್ಚು ಬೆಳಗುವ ಅಣುವನ್ನು ನೀರಿನಲ್ಲಿಯೇ ತೋರಿಸಿದರು. ಶ್ರೀಲಂಕಾ ಮೂಲದ ಪ್ರಸನ್ನ ಡಿಸಿಲ್ವಾ ಬೆಲ್‌ಫಾಸ್ಟ್‌ನಲ್ಲಿ ಇಂತಹ ಅಣುಗಳ ರಚನೆಯ ತತ್ತ್ವವನ್ನೇ ಬೆಳೆಸಿದರು. ಫ್ಲೋರೈಡಿಗೆ ಸಿಲಿಕಾನಿನ ಮೇಲೆ ಇರುವ ಮೋಹವನ್ನು ಬಳಸಿ 2003ರಲ್ಲಿ ಕಿಮ್ ಮತ್ತು ಸ್ವಾಗರ್ ಇನ್ನೊಂದು ಉಪಾಯ ಮಾಡಿದರು: ಫ್ಲೋರೈಡ್ ಬಂದು ಸಿಲಿಕಾನಿನ ಮುಚ್ಚಳವನ್ನು ಕಿತ್ತರೆ ಒಳಗಿನ ಬೆಳಕು ಬೇರೆ ಬಣ್ಣದಲ್ಲಿ ಹೊರಬರುತ್ತದೆ. ಇಂತಹ ಸಂವೇದಕಗಳಲ್ಲಿ ಬಹಳಷ್ಟು ಇಂದಿಗೂ ನೀರಿನಲ್ಲಿ ಕೆಲಸ ಮಾಡದೆ ಬೇರೆ ದ್ರಾವಕಗಳಲ್ಲಿ ಮಾತ್ರ ಹೊಳೆಯುತ್ತವೆ. ವಿದ್ವಾಂಸರ ಲೇಖನಗಳು ಸಾಲದಾಗಿಲ್ಲ. ಬಾವಿಯ ಕಟ್ಟೆಯವರೆಗೆ ಬಂದವು ಕಡಿಮೆ ಎಂಬುದು ನನ್ನ ಅನಿಸಿಕೆ.

ನೀರಿನ ಕ್ಲೋರೈಡನ್ನು ಇಂದಿಗೂ ಸಾಮಾನ್ಯವಾಗಿ ಬೆಳ್ಳಿಯ ನೈಟ್ರೇಟಿನಿಂದಲೇ ಅಳೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಪದ್ಧತಿಯಾದರೂ ಸಾಕಷ್ಟು ನಂಬಿಗಸ್ತ. ಖಂಡೇರಾಜುರಿಯ ನನ್ನ ಮನೆಯ ಬಾವಿಯ ನೀರನ್ನು ಹೀಗೆ ಪರೀಕ್ಷೆ ಮಾಡಿಸಿದ ಚೀಟಿ ಗೋಡೆಯ ಮೊಳೆಗೆ ಸಿಕ್ಕಿಸಿದೆ. ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಹೊಸ ಚೀಟಿ ಬರುತ್ತದೆ. ನೆರೆಹೊರೆಯ ನಾಲ್ಕು ಬಾವಿಗಳ ಬಾಟಲಿಗಳನ್ನೂ ನನ್ನ ಚೀಲದಲ್ಲಿಯೇ ಒಯ್ಯುತ್ತೇನೆ.